ಪರದೇಶದ ಅನ್ನ, ಪರರ ಯುದ್ಧ

ಎರಡು ಕೋಣಗಳು ಕಾದಾಡಿದರೆ ನಡುವೆ ಬೆಳೆದ ಗಿಡಕ್ಕೆ ಮರಣ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಅರಸರ ಜಗಳದಲ್ಲಿ ಪ್ರಜೆಗಳು ನವೆಯುವುದು ಎಲ್ಲ ಕಾಲಕ್ಕೂ ಎಲ್ಲ ದೇಶಕ್ಕೂ ಸಲ್ಲುವ ಮಾತು. ಆದರೆ ತನ್ನದಲ್ಲದ ನಾಡಿಗೆ ಹೊಟ್ಟೆಪಾಡಿಗಾಗಿ ಹೋದವನು ಆ ಜಗಳದಲ್ಲಿ ಸಿಲುಕಿದರೆ ಅವನ ಪಾಡು ಇನ್ನೂ ವಿಚಿತ್ರವಾದುದು. ಅವನು ಅಲ್ಲಿ ಮತ ಹಾಕಿದವನಲ್ಲ. ಅಲ್ಲಿನ ರಾಜಕೀಯದಲ್ಲಿ ಪಕ್ಷ ಹಿಡಿದವನೂ ಅಲ್ಲ. ಯುದ್ಧ ಬೇಕೋ ಬೇಡವೋ ಎಂದು ಅವನನ್ನು ಯಾರೂ ಕೇಳಿರುವುದಿಲ್ಲ. ಆದರೂ ಯುದ್ಧ ಬಂದ ದಿನ ಮೊಟ್ಟಮೊದಲು ನಿಲ್ಲುವುದು ಅವನ ಸಂಬಳ.

ಮಂಜೇಶ್ವರದಿಂದ ಚಂದ್ರಗಿರಿ ಹೊಳೆಯವರೆಗಿನ ನಮ್ಮ ನಾಡಿನಲ್ಲಿ ಕೊಲ್ಲಿ ರಾಷ್ಟ್ರಗಳ ಹೆಸರು ಕೇಳದ ಮನೆಯಿಲ್ಲ. ಮಗುವನ್ನು ಶಾಲೆಗೆ ಸೇರಿಸುವಾಗ ದಾಖಲೆ ಪುಸ್ತಕದಲ್ಲಿ ತಂದೆಯ ಉದ್ಯೋಗವನ್ನು ಬರೆಯಬೇಕಾಗುತ್ತದೆ. ಮೂವತ್ತು ವರ್ಷಗಳಿಗೂ ಮೀರಿದ ನನ್ನ ಅಧ್ಯಾಪಕ ವೃತ್ತಿಯಲ್ಲಿ ಆ ಸ್ಥಳಕ್ಕೆ ‘ಗಲ್ಫ್’ ಎಂದು ಹೇಳಿ ಸುಮ್ಮನಾದ ತಾಯಂದಿರು ಅದೆಷ್ಟೋ ಮಂದಿ. ಗಲ್ಫ್ ಎಂಬುದು ಉದ್ಯೋಗದ ಹೆಸರಲ್ಲ. ಒಂದು ದೇಶದ ಹೆಸರೂ ಅಲ್ಲ. ಯಾವ ದೇಶ, ಯಾವ ಪಟ್ಟಣ, ಯಾರ ಕೈಕೆಳಗೆ, ಎಂಥ ಕೆಲಸ ಎಂದು ಮುಂದುವರಿಸಿ ಕೇಳಿದರೆ ಸರಿಯಾದ ಉತ್ತರ ದೊರೆಯುವುದು ಅಪೂರ್ವ. ತಿಂಗಳು ತಿಂಗಳು ಹಣ ಬರುತ್ತಿರುವಷ್ಟು ಕಾಲ ಇದನ್ನು ತಿಳಿದಿರಬೇಕಾದ ಅಗತ್ಯವೂ ಮನೆಯವರಿಗೆ ಕಾಣಿಸುವುದಿಲ್ಲ. ಅಗತ್ಯ ಕಾಣಿಸುವ ದಿನ ಬಂದಾಗ ಕೇಳಿ ತಿಳಿಯಲು ದೂರವಾಣಿಯೂ ಇರುವುದಿಲ್ಲ, ಅಂಚೆಯೂ ಇರುವುದಿಲ್ಲ. ಆ ದಿನ ಹೇಗಿರುತ್ತದೆ, ಆಗ ದುಡಿಯುವವನಿಗೂ ಅವನನ್ನು ದುಡಿಸುವ ಧಣಿಗೂ ಏನಾಗುತ್ತದೆ, ಕೊನೆಗೆ ನೆರವಿಗೆ ಬರುವುದು ಯಾವುದು ಎಂಬುದನ್ನು ವಾಚಕರ ಮುಂದೆ ಇಡುವುದೇ ಈ ಲೇಖನದ ಉದ್ದೇಶ.

ಕೊಟ್ಟದ್ದೂ ಯುದ್ಧವೇ

ಕೊಲ್ಲಿಯ ನಾಡುಗಳಿಗೂ ನಮಗೂ ಇರುವ ಸಂಬಂಧ ಹೊಸತಲ್ಲ. ಕುವೈತಿನಲ್ಲಿ 1961ರವರೆಗೆ ಭಾರತದ ರೂಪಾಯಿಯೇ ಚಲಾವಣೆಯಲ್ಲಿತ್ತು ಎಂಬ ಸಂಗತಿ ಇಂದಿನ ಮಕ್ಕಳಿಗೆ ಕತೆಯಂತೆ ತೋರೀತು. ಆದರೆ ಅಂದು ಅಲ್ಲಿಗೆ ಹೋಗುತ್ತಿದ್ದವರು ಕೆಲವರು ಗುಮಾಸ್ತರು, ವ್ಯಾಪಾರಿಗಳು ಮಾತ್ರ. ನಮ್ಮ ಕಡೆಯ ಬಡ ಹುಡುಗರು ಹೊಟ್ಟೆಪಾಡನ್ನು ಅರಸಿ ಹೋಗುತ್ತಿದ್ದುದು ಮುಂಬಯಿಯ ಹೋಟೆಲುಗಳಿಗೆ. ಸಾವಿರಗಟ್ಟಲೆ ಜನರನ್ನು ಸಮುದ್ರದಾಚೆಗೆ ಸೆಳೆದದ್ದು 1973ರ ಅಕ್ಟೋಬರ್ ತಿಂಗಳ ಯುದ್ಧ.

ಆ ಯುದ್ಧ ನಡೆದದ್ದು ಈಜಿಪ್ಟ್ ಮತ್ತು ಸಿರಿಯಾ ಒಂದು ಕಡೆ, ಇಸ್ರೇಲ್ ಇನ್ನೊಂದು ಕಡೆಯಾಗಿ. ಇಸ್ರೇಲಿಗೆ ಬೆಂಬಲ ಕೊಟ್ಟ ರಾಷ್ಟ್ರಗಳಿಗೆ ಎಣ್ಣೆ ಕೊಡುವುದಿಲ್ಲವೆಂದು ಅರಬ್ ರಾಷ್ಟ್ರಗಳು ಪಟ್ಟು ಹಿಡಿದವು. ಪೀಪಾಯಿಯೊಂದಕ್ಕೆ ಸುಮಾರು 3 ಡಾಲರ್ ಇದ್ದ ಎಣ್ಣೆಯ ಬೆಲೆ 1974ರ ಆರಂಭದ ಹೊತ್ತಿಗೆ ಹೆಚ್ಚು ಕಡಿಮೆ 12 ಡಾಲರಿಗೆ ಏರಿತು. ಹೀಗೆ ಹರಿದು ಬಂದ ಹಣದಿಂದ ಆ ಮರಳುಗಾಡಿನ ನಾಡುಗಳಲ್ಲಿ ರಸ್ತೆ, ಬಂದರು, ಆಸ್ಪತ್ರೆ, ಅರಮನೆಗಳು ಎದ್ದವು. ಕಟ್ಟುವ ಹಣ ಅವರಲ್ಲಿತ್ತು, ಕಟ್ಟುವ ಕೈಗಳು ಇರಲಿಲ್ಲ. ಆ ಕೈಗಳು ನಮ್ಮ ಕರಾವಳಿಯಿಂದ ಹೋದವು. ಮುಳಿಹುಲ್ಲಿನ ಮನೆಗಳ ಸ್ಥಳದಲ್ಲಿ ತಾರಸಿ ಮನೆಗಳು ಬಂದವು, ಹೆಣ್ಣುಮಕ್ಕಳ ಮದುವೆಗಳಾದವು, ನಮ್ಮ ಶಾಲೆಗಳಲ್ಲಿ ಅರ್ಧದಲ್ಲಿ ಓದು ಬಿಡುವ ಮಕ್ಕಳ ಸಂಖ್ಯೆ ಇಳಿಯಿತು. ಇದೆಲ್ಲವೂ ಒಳ್ಳೆಯದೇ. ಆದರೆ ಮರೆಯಬಾರದ ಮಾತೊಂದಿದೆ. ನಮ್ಮ ಮನೆಗಳಿಗೆ ಈ ಅನ್ನವನ್ನು ತಂದದ್ದು ದೂರದಲ್ಲಿ ನಡೆದ ಒಂದು ಯುದ್ಧ. ಯುದ್ಧದಿಂದ ಬಂದದ್ದು ಯುದ್ಧದಿಂದಲೇ ಹೋಗಲೂಬಹುದು. 1990ರಲ್ಲಿ ಅದು ಹೋಯಿತು.

1990ರ ಆಗಸ್ಟ್ 2

ಅಂದು ಗುರುವಾರ. ಬೆಳಕು ಹರಿಯುವ ಮೊದಲೇ ಇರಾಕಿನ ಸೈನ್ಯ ಕುವೈತಿನ ಗಡಿಯನ್ನು ದಾಟಿತು. ಕುವೈತಿನ ದೊರೆ ಶೇಖ್ ಜಾಬಿರ್ ನೆರೆಯ ಸೌದಿ ಅರೇಬಿಯಕ್ಕೆ ತೆರಳಿದರು. ಆರು ದಿನಗಳಲ್ಲಿ ಇರಾಕಿನ ಸದ್ದಾಂ ಹುಸೇನರು ಕುವೈತ್ ತಮ್ಮ ದೇಶದ ಭಾಗವೆಂದು ಸಾರಿದರು. ಆಗ ಆ ಪುಟ್ಟ ದೇಶದಲ್ಲಿದ್ದ ಭಾರತೀಯರ ಸಂಖ್ಯೆ ಸುಮಾರು 1 ಲಕ್ಷ 70 ಸಾವಿರ.

ನಾನು ಆಗ ಶಿಕ್ಷಕ ತರಬೇತಿಯಲ್ಲಿದ್ದ ತರುಣ. ಊರಿನಲ್ಲಿ ಸಂಜೆಯಾದೊಡನೆ ರೇಡಿಯೋ ಇದ್ದ ಮನೆಗಳ ಜಗಲಿಯಲ್ಲಿ ಜನ ಸೇರುತ್ತಿದ್ದುದು ಈಗಲೂ ನೆನಪಿದೆ. ದೂರವಾಣಿ ಸಂಪರ್ಕ ಕಡಿದಿತ್ತು. ಪತ್ರ ಬರುತ್ತಿರಲಿಲ್ಲ. ವಾರ್ತೆಯಲ್ಲಿ ಸದ್ದಾಂ ಹುಸೇನರ ಹೆಸರು ಬರುತ್ತಿತ್ತು, ಅಮೆರಿಕದ ಅಧ್ಯಕ್ಷರ ಹೆಸರು ಬರುತ್ತಿತ್ತು. ನಮ್ಮೂರಿನವರ ಹೆಸರು ಯಾವ ವಾರ್ತೆಯಲ್ಲಿಯೂ ಬರುವಂತಿರಲಿಲ್ಲ.

ಕುವೈತಿನೊಳಗೆ ನಡೆಯುತ್ತಿದ್ದುದು ಇಷ್ಟು. ಬ್ಯಾಂಕುಗಳು ಮುಚ್ಚಿದವು. ಕುವೈತಿನ ದೀನಾರು ಅಂದಿನವರೆಗೆ ಜಗತ್ತಿನ ಅತ್ಯಂತ ಬೆಲೆಬಾಳುವ ನಾಣ್ಯಗಳಲ್ಲಿ ಒಂದಾಗಿತ್ತು. ಅದನ್ನು ಮೊದಲು ಇರಾಕಿನ ಅಗ್ಗದ ದೀನಾರಿಗೆ ಸಮವೆಂದು ಸಾರಿ, ಬಳಿಕ ಅದರ ಚಲಾವಣೆಯನ್ನೇ ರದ್ದುಗೊಳಿಸಿದರು. ಹತ್ತು ವರ್ಷ ದುಡಿದು ಕೂಡಿಟ್ಟವನ ಕೈಯಲ್ಲಿ ಉಳಿದದ್ದು ಬಣ್ಣದ ಕಾಗದ. ಆಗಸ್ಟ್ 6ರಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿ ವಿಧಿಸಿದ ಆರ್ಥಿಕ ದಿಗ್ಬಂಧನದಿಂದ ಆಹಾರ ಪದಾರ್ಥಗಳು ಬರುವುದೂ ನಿಂತಿತು. ಎಲ್ಲಕ್ಕಿಂತ ದೊಡ್ಡ ತೊಡಕು ಪಾಸ್‌ಪೋರ್ಟಿನದು. ಕೊಲ್ಲಿ ರಾಷ್ಟ್ರಗಳಲ್ಲಿ ಕೆಲಸಗಾರನಿಗೆ ಪ್ರಾಯೋಜಕನಾದ ಸ್ಥಳೀಯ ಧಣಿಯೊಬ್ಬ ಇರಲೇಬೇಕೆಂಬ ನಿಯಮ ಆಗ ಇತ್ತಷ್ಟೆ. ಅವನನ್ನು ಅರಬಿಯಲ್ಲಿ ಕಫೀಲ್ ಎನ್ನುತ್ತಾರೆ. ಕೆಲಸಗಾರನ ಪಾಸ್‌ಪೋರ್ಟನ್ನು ಧಣಿಯೇ ಇರಿಸಿಕೊಳ್ಳುವುದು ಅಂದಿನ ರೂಢಿ. ಧಣಿ ಓಡಿಹೋಗಿದ್ದಾನೆ, ಕಚೇರಿಗೆ ಬೀಗ ಬಿದ್ದಿದೆ, ಪಾಸ್‌ಪೋರ್ಟ್ ಆ ಬೀಗದೊಳಗಿದೆ. ಇಂತಹವರಿಗೆ ನಮ್ಮ ರಾಯಭಾರ ಕಚೇರಿಯವರು ತುರ್ತು ಪ್ರಯಾಣ ಪತ್ರಗಳನ್ನು ಬರೆದುಕೊಡಬೇಕಾಯಿತು.

ಅಂದಿನ ಪ್ರಧಾನಿ ವಿ. ಪಿ. ಸಿಂಗ್ ಅವರ ಸರಕಾರದ ವಿದೇಶಾಂಗ ಸಚಿವರಾಗಿದ್ದ ಐ. ಕೆ. ಗುಜ್ರಾಲರು ಅದೇ ತಿಂಗಳಲ್ಲಿ ಬಾಗ್ದಾದಿಗೆ ಹೋಗಿ ಸದ್ದಾಂ ಹುಸೇನರನ್ನು ಕಂಡರು. ಅವರಿಬ್ಬರ ಆಲಿಂಗನದ ಭಾವಚಿತ್ರವನ್ನು ಟೀಕಿಸಿದವರು ಅನೇಕರಿದ್ದರು. ಆದರೆ ಭಾರತೀಯರು ಹೊರಡಲು ದಾರಿ ತೆರೆದುದು ಇಂತಹ ಮಾತುಕತೆಗಳಿಂದಲೇ ಎಂಬುದನ್ನು ಒಪ್ಪಬೇಕು. ಜನ ಬಸ್ಸುಗಳಲ್ಲಿ ಬಾಸ್ರಾ, ಬಾಗ್ದಾದ್ ಮಾರ್ಗವಾಗಿ ಸುಮಾರು ಒಂದೂವರೆ ಸಾವಿರ ಕಿಲೋಮೀಟರ್ ದೂರದ ಜೋರ್ಡಾನಿನ ಅಮ್ಮಾನಿಗೆ ಹೊರಟರು. ಗಡಿಯಲ್ಲಿ, ಎರಡು ದೇಶಗಳ ನಡುವಿನ ಮರಳುಗಾಡಿನಲ್ಲಿ, ಡೇರೆಗಳಲ್ಲಿ ದಿನಗಟ್ಟಲೆ ಕಾದರು. ಅಮ್ಮಾನಿನಿಂದ ಮುಂಬಯಿಗೆ ಏರ್ ಇಂಡಿಯಾ ವಿಮಾನಗಳು ಹಾರಿದವು. 59 ದಿನಗಳಲ್ಲಿ 488 ಹಾರಾಟಗಳಲ್ಲಿ 1 ಲಕ್ಷ 11 ಸಾವಿರಕ್ಕೂ ಹೆಚ್ಚು ಜನರನ್ನು ಕರೆತಂದ ಈ ಕಾರ್ಯ ನಾಗರಿಕ ವಿಮಾನಗಳ ಚರಿತ್ರೆಯಲ್ಲಿಯೇ ದಾಖಲೆಯಾಗಿ ಉಳಿದಿದೆ. ಮುಂಬಯಿಯಿಂದ ನಮ್ಮವರು ರಾತ್ರಿ ಬಸ್ಸಿನಲ್ಲಿ ಮಂಗಳೂರಿಗೆ ಬಂದರು. ಕೊಂಕಣ ರೈಲು ಆಗಿನ್ನೂ ಬಂದಿರಲಿಲ್ಲ. ಹೋಗುವಾಗ ಎರಡು ಪೆಟ್ಟಿಗೆ ಹೊತ್ತು ಹೋದವರು ಬರುವಾಗ ಒಂದು ಕೈಚೀಲದೊಡನೆ ಬಂದಿಳಿದರು.

ಈ ಏಟು ಕೊಲ್ಲಿಗೆ ಹೋದವರ ಮನೆಗಳಿಗೆ ಮಾತ್ರ ಬೀಳಲಿಲ್ಲ. ಎಣ್ಣೆಯ ಬೆಲೆ ಏರಿ, ಕೊಲ್ಲಿಯಿಂದ ಬರುವ ಹಣ ಇಳಿದು, ದೇಶದ ವಿದೇಶೀ ವಿನಿಮಯದ ಬೊಕ್ಕಸವೇ ಬರಿದಾಗತೊಡಗಿತು. ಅದಕ್ಕೆ ಬೇರೆ ಕಾರಣಗಳೂ ಇದ್ದವು, ನಿಜ; ಆದರೆ ಕುವೈತಿನ ಯುದ್ಧ ಅವುಗಳಲ್ಲಿ ಮುಖ್ಯವಾದುದು. 1991ರ ಜುಲೈಯಲ್ಲಿ ಭಾರತವು ಸುಮಾರು 47 ಟನ್ ಚಿನ್ನವನ್ನು ಇಂಗ್ಲೆಂಡ್ ಮತ್ತು ಜಪಾನಿನ ಬ್ಯಾಂಕುಗಳಲ್ಲಿ ಅಡವಿಡಬೇಕಾಯಿತು. ಮನೆಯಲ್ಲಿ ದುಡಿಯುವವನು ಕೈಸೋತಾಗ ಹೆಂಡತಿಯ ಬಳೆಗಳು ಅಡವಿಗೆ ಹೋಗುವಂತೆ, ದೇಶದ ಚಿನ್ನವೂ ಹೋಯಿತು.

ಧಣಿಯ ಪಾಡು

ಇಂತಹ ಸಂದರ್ಭಗಳಲ್ಲಿ ನಾವು ದುಡಿಯುವವನ ಕಷ್ಟವನ್ನು ಮಾತ್ರ ನೆನೆಯುತ್ತೇವೆ. ಅದು ಸಹಜ. ಆದರೆ ದುಡಿಸುವವನ ಸ್ಥಿತಿಯನ್ನು ತಿಳಿಯದೆ ದುಡಿಯುವವನ ಸ್ಥಿತಿ ಪೂರ್ತಿಯಾಗಿ ಅರ್ಥವಾಗದು. ಕುವೈತಿನ ಧಣಿಗಳಲ್ಲಿ ಅನೇಕರು ಆ ಬೇಸಗೆಯಲ್ಲಿ ರಜೆಗೆಂದು ಹೊರದೇಶಗಳಲ್ಲಿದ್ದರು; ಹಲವರು ಕುಟುಂಬ ಸಮೇತ ಸೌದಿಗೆ ಓಡಿದರು. ಅವರ ಅಂಗಡಿಗಳು ಲೂಟಿಯಾದವು, ಗೋದಾಮುಗಳು ಬರಿದಾದವು, ಬ್ಯಾಂಕಿನ ಲೆಕ್ಕಗಳು ಸ್ತಬ್ಧವಾದವು. ಸಂಬಳ ಕೊಡುವ ಮನಸ್ಸಿದ್ದರೂ ಕೊಡುವ ಕೈಗೆ ಏನೂ ಸಿಗುತ್ತಿರಲಿಲ್ಲ. ಹೋಗುವ ಮೊದಲು ಕೆಲಸಗಾರರಿಗೆ ಅಕ್ಕಿ, ಬೇಳೆ ಕೊಟ್ಟು ಅಂಗಡಿಯ ಬೀಗದ ಕೈಯನ್ನು ಒಪ್ಪಿಸಿ ಹೋದವರಿದ್ದರು. ಹೇಳದೆ ಕೇಳದೆ ಹೋದವರೂ ಇದ್ದರು.

ಭಾರತೀಯರಲ್ಲಿಯೇ ದೊಡ್ಡ ಸ್ಥಾನದಲ್ಲಿದ್ದ ಕೆಲವರು ಆ ಹೊತ್ತಿನಲ್ಲಿ ಉಳಿದವರಿಗೆ ಆಸರೆಯಾದರು. ಕೇರಳದ ಮಾತುಣ್ಣಿ ಮ್ಯಾಥ್ಯೂಸರು 1956ರಲ್ಲಿ ಕುವೈತಿಗೆ ಹೋಗಿ, ಬೆರಳಚ್ಚುಗಾರನಾಗಿ ಕೆಲಸ ಆರಂಭಿಸಿ, ಟೊಯೋಟ ಕಾರುಗಳ ಏಜೆನ್ಸಿಯಲ್ಲಿ ಉನ್ನತ ಪದವಿಗೆ ಏರಿದ್ದವರು. ಜನ ಅವರನ್ನು ‘ಟೊಯೋಟ ಸನ್ನಿ’ ಎಂದೇ ಕರೆಯುತ್ತಿದ್ದರು. ಅವರೂ ಅವರ ಜೊತೆಗಾರರೂ ಸೇರಿ ನಿರಾಶ್ರಿತರಿಗೆ ವಸತಿ, ಊಟ, ಬಸ್ಸುಗಳ ಏರ್ಪಾಡು ಮಾಡಿದರು. 2016ರಲ್ಲಿ ತೆರೆಕಂಡ ‘ಏರ್‌ಲಿಫ್ಟ್’ ಎಂಬ ಹಿಂದಿ ಚಿತ್ರಕ್ಕೆ ಸ್ಫೂರ್ತಿ ಇಂತಹವರೇ. ಅವರು 2017ರಲ್ಲಿ ತೀರಿಕೊಂಡರು.

ಧಣಿಗೂ ದುಡಿಯುವವನಿಗೂ ನಡುವೆ ಮೂರನೆಯ ವರ್ಗವೊಂದು ಉಂಟು. ನಮ್ಮ ಕಡೆಯವರಲ್ಲಿ ಬಹಳ ಮಂದಿ ಈ ವರ್ಗಕ್ಕೆ ಸೇರಿದವರು. ಚಹದಂಗಡಿ, ದಿನಸಿ ಅಂಗಡಿ, ದರ್ಜಿಯ ಅಂಗಡಿಗಳನ್ನು ನಡೆಸುವವರು ನಮ್ಮವರು. ಪರವಾನಗಿ ಮಾತ್ರ ಅರಬನ ಹೆಸರಿನಲ್ಲಿ. ನಮ್ಮ ಪಂಚಾಯತಿಯವರೇ ಒಬ್ಬರು ಕುವೈತಿನಲ್ಲಿ ಹೀಗೆ ಸಣ್ಣ ಹೋಟೆಲನ್ನು ನಡೆಸುತ್ತಿದ್ದರು. ಊರಿನಿಂದಲೇ ಇಬ್ಬರು ಹುಡುಗರನ್ನು ಕರೆಸಿ ಕೆಲಸ ಕೊಟ್ಟಿದ್ದರು. ಸೈನಿಕರು ಬಂದ ಎರಡನೆಯ ವಾರದಲ್ಲಿ ಹೋಟೆಲು ಲೂಟಿಯಾಯಿತು. ಆದರೆ ಆ ಹುಡುಗರನ್ನು ಬಿಟ್ಟು ಅವರು ಹೊರಡಲಿಲ್ಲ. ಮಡದಿಗೆಂದು ತೆಗೆದಿರಿಸಿದ್ದ ಚಿನ್ನವನ್ನು ಮಾರಿ ಮೂವರ ಬಸ್ ದರವನ್ನು ತೆತ್ತರು. ‘ಅವರ ತಾಯಂದಿರಿಗೆ ನಾನು ಏನು ಹೇಳಲಿ?’ ಎಂದು ಅವರು ಬಳಿಕ ಹೇಳಿದ ಮಾತನ್ನು ನಾನೇ ಕೇಳಿದ್ದೇನೆ. ಉದ್ಯೋಗ ಕೊಟ್ಟವನ ಹೊಣೆ ಎಲ್ಲಿಯವರೆಗೆ ಎಂಬುದಕ್ಕೆ ಇದಕ್ಕಿಂತ ಸರಳವಾದ ಉತ್ತರವನ್ನು ನಾನು ಯಾವ ಪುಸ್ತಕದಲ್ಲಿಯೂ ಓದಿಲ್ಲ.

ರಾಜಕೀಯದ ಏಟು ತಿಂದವರು ಭಾರತೀಯರು ಮಾತ್ರವಲ್ಲ. ಸೌದಿ ಅರೇಬಿಯದಲ್ಲಿ ದುಡಿಯುತ್ತಿದ್ದ ಸುಮಾರು 8 ಲಕ್ಷ ಯೆಮನಿಗರು 1990ರಲ್ಲಿ ತಾಯ್ನಾಡಿಗೆ ಮರಳಬೇಕಾಯಿತು. ಕಾರಣ, ಯೆಮನಿನ ಸರಕಾರ ಇರಾಕಿನ ವಿರುದ್ಧ ನಿಲ್ಲಲಿಲ್ಲವೆಂಬ ಸಿಟ್ಟು. ಕುವೈತಿನಲ್ಲಿ ನೆಲೆಸಿದ್ದ ಸುಮಾರು 4 ಲಕ್ಷ ಪ್ಯಾಲೆಸ್ತೀನಿಯರಲ್ಲಿ ಬಹುಪಾಲು ಜನರಿಗೆ ಯುದ್ಧದ ಬಳಿಕ ಅಲ್ಲಿ ಜಾಗವಿಲ್ಲವಾಯಿತು. ಅವರಲ್ಲಿ ಶಾಲೆಗಳಲ್ಲಿ ಪಾಠ ಹೇಳುತ್ತಿದ್ದ ಅಧ್ಯಾಪಕರು ಎಷ್ಟೋ ಮಂದಿ. ನಾಯಕರು ಆಡಿದ ಮಾತಿಗೆ ಕೆಲಸಗಾರರು ದಂಡ ತೆತ್ತರು. 1991ರ ಫೆಬ್ರವರಿ ಕೊನೆಯಲ್ಲಿ ಕುವೈತ್ ಬಿಡುಗಡೆಯಾದ ಮೇಲೆ ಅಲ್ಲಿನ ಧಣಿಗಳಿಗೆ ಮತ್ತೆ ಕೈಗಳು ಬೇಕಾದವು. ಹೀಗೆ ತೆರವಾದ ಸ್ಥಾನಗಳಲ್ಲಿ ಎಷ್ಟನ್ನೋ ಭಾರತೀಯರು ತುಂಬಿದರು. ಒಬ್ಬನ ಮನೆಯ ದೀಪ ಆರಿದ ಸ್ಥಳದಲ್ಲಿ ಇನ್ನೊಬ್ಬನ ದೀಪ ಹತ್ತಿತೆಂಬುದನ್ನು ಹೇಳಲು ಸಂತೋಷವಾಗುವುದಿಲ್ಲ. ಆದರೆ ಸತ್ಯ ಅದೇ.

ಉಳಿದದ್ದು ಕಾಗದ

ಇನ್ನು ಪರಿಹಾರದ ವಿಷಯ. ಇರಾಕ್ ಮಾಡಿದ ನಷ್ಟವನ್ನು ಇರಾಕೇ ತುಂಬಿಕೊಡತಕ್ಕದ್ದೆಂದು ಭದ್ರತಾ ಮಂಡಳಿ 1991ರಲ್ಲಿ ನಿರ್ಣಯಿಸಿ, ಜಿನೀವಾ ನಗರದಲ್ಲಿ ಪರಿಹಾರ ಆಯೋಗವೊಂದನ್ನು ಸ್ಥಾಪಿಸಿತು. ಇರಾಕಿನ ಎಣ್ಣೆಯ ಆದಾಯದಲ್ಲಿ ಒಂದು ಪಾಲನ್ನು ಇದಕ್ಕಾಗಿ ತೆಗೆದಿರಿಸಲಾಯಿತು. ಸುಮಾರು 27 ಲಕ್ಷ ಅರ್ಜಿಗಳು ಬಂದವು. 15 ಲಕ್ಷದಷ್ಟು ಅರ್ಜಿದಾರರಿಗೆ ಒಟ್ಟು 5,240 ಕೋಟಿ ಡಾಲರ್ ಮಂಜೂರಾಯಿತು. ಕೊನೆಯ ಕಂತು ಸಂದಾಯವಾದದ್ದು 2022ರ ಜನವರಿಯಲ್ಲಿ. ಎಂದರೆ ಸೈನ್ಯ ನುಗ್ಗಿದ ಮೂವತ್ತೊಂದು ವರ್ಷಗಳ ಮೇಲೆ.

ಈ ಆಯೋಗದ ಕ್ರಮದಲ್ಲಿ ಮೆಚ್ಚತಕ್ಕ ಅಂಶವೊಂದಿದೆ. ಸರಕಾರಗಳ, ದೊಡ್ಡ ಕಂಪನಿಗಳ ಹಕ್ಕುಗಳನ್ನು ಹಿಂದಕ್ಕೆ ಇರಿಸಿ, ಸಾಮಾನ್ಯ ಕೆಲಸಗಾರರ ಅರ್ಜಿಗಳನ್ನು ಮೊದಲು ತೀರ್ಮಾನಿಸಿದರು. ಕುವೈತನ್ನಾಗಲೀ ಇರಾಕನ್ನಾಗಲೀ ಬಿಟ್ಟು ಬರಬೇಕಾಯಿತೆಂದು ತೋರಿಸಿದರೆ ಸಾಕು, ಒಬ್ಬನಿಗೆ 2,500 ಡಾಲರ್, ಕುಟುಂಬಕ್ಕೆ 5,000 ಡಾಲರ್ ದೊರೆಯುತ್ತಿತ್ತು. ಬೇರೆ ಯಾವ ಹಕ್ಕನ್ನೂ ಮಂಡಿಸುವುದಿಲ್ಲವೆಂದು ಒಪ್ಪಿದರೆ ಅದು 4,000 ಮತ್ತು 8,000 ಆಗುತ್ತಿತ್ತು. ಬಾಕಿ ಸಂಬಳ, ಕಳೆದುಹೋದ ಸೊತ್ತು ಮುಂತಾದ ನಷ್ಟಗಳಿಗೆ 1 ಲಕ್ಷ ಡಾಲರಿನವರೆಗೆ ಬೇರೆ ವರ್ಗದಲ್ಲಿ ಅರ್ಜಿ ಹಾಕಬಹುದಿತ್ತು. ಆದರೆ ಅದಕ್ಕೆ ಆಧಾರ ಬೇಕು. ಕುವೈತಿನ ಎಣ್ಣೆ ನಿಗಮಕ್ಕೆ ಸಲ್ಲಬೇಕಾದ 1,470 ಕೋಟಿ ಡಾಲರ್ ಪೂರ್ತಿಯಾಗಿ ಸಂದದ್ದು ಎಲ್ಲರಿಗಿಂತ ಕೊನೆಗೆ. ದೊಡ್ಡ ಧಣಿಗಿಂತ ಕೂಲಿಯವನಿಗೆ ಮೊದಲು ನ್ಯಾಯ ದೊರೆತ ಉದಾಹರಣೆಗಳು ಜಗತ್ತಿನಲ್ಲಿ ಹೆಚ್ಚು ಇಲ್ಲ.

ಆ ಅರ್ಜಿಗಳನ್ನು ಭಾರತ ಸರಕಾರದ ಮೂಲಕ ಸಲ್ಲಿಸಬೇಕಾಗಿತ್ತು. ಹೊಸದಾಗಿ ಅಧ್ಯಾಪಕನಾಗಿದ್ದ ನಾನು ಊರಿನ ಕೆಲವರಿಗೆ ಅರ್ಜಿ ತುಂಬಿಕೊಟ್ಟೆ. ಆಗ ಕಂಡ ಸಂಗತಿಯೊಂದು ಇಂದಿಗೂ ನನ್ನ ಮನಸ್ಸಿನಲ್ಲಿ ಅಚ್ಚೊತ್ತಿದೆ. ಒಬ್ಬರು ವಿದ್ಯುತ್ ಕೆಲಸದವರು. ಕುವೈತಿಗೆ ಹೋದ ಹೊಸದರಲ್ಲಿಯೇ ತಮ್ಮ ಕರಾರು ಪತ್ರದ ನಕಲನ್ನೂ ಪಾಸ್‌ಪೋರ್ಟಿನ ಪುಟಗಳ ನಕಲನ್ನೂ ಊರಿಗೆ ಕಳುಹಿಸಿದ್ದರು. ಅವರ ತಂದೆ ಓದು ಬಾರದವರು. ಆದರೂ ಮಗ ಕಳುಹಿಸಿದ ಕಾಗದವೆಂದು ಅದನ್ನು ಜಮೀನಿನ ಪತ್ರಗಳ ಜೊತೆಗೆ ಪೆಟ್ಟಿಗೆಯಲ್ಲಿ ಜೋಪಾನ ಮಾಡಿದ್ದರು. ಇದರಿಂದ ಬಾಕಿ ಸಂಬಳದ ಹಕ್ಕನ್ನು ಮಂಡಿಸಲು ಸಾಧ್ಯವಾಯಿತು. ವರ್ಷಗಳು ಹಿಡಿದರೂ ಹಣ ಬಂತು. ಹೋಟೆಲು ನಡೆಸುತ್ತಿದ್ದ ಆ ಹಿರಿಯರಿಗೋ, ಪರವಾನಗಿ ಅರಬನ ಹೆಸರಿನಲ್ಲಿ, ಲೆಕ್ಕದ ಪುಸ್ತಕ ಲೂಟಿಯಾದ ಹೋಟೆಲಿನಲ್ಲಿ. ಹನ್ನೆರಡು ವರ್ಷದ ದುಡಿಮೆಗೆ ಆಧಾರವಾಗಿ ತೋರಿಸಲು ಒಂದು ಚೀಟಿಯೂ ಇರಲಿಲ್ಲ. ದೇಶ ಬಿಟ್ಟು ಬಂದವನಿಗೆ ಸಲ್ಲುವ ನಿಗದಿ ಮೊತ್ತಕ್ಕೆ ಅವರು ತೃಪ್ತಿಪಡಬೇಕಾಯಿತು. ಇಬ್ಬರೂ ದುಡಿದವರೇ, ಇಬ್ಬರೂ ಪ್ರಾಮಾಣಿಕರೇ. ವ್ಯತ್ಯಾಸ ಮಾಡಿದ್ದು ಊರಿನ ಪೆಟ್ಟಿಗೆಯಲ್ಲಿದ್ದ ನಾಲ್ಕು ಹಾಳೆ ಕಾಗದ.

ಆಮೇಲಿನ ವರ್ಷಗಳು

ಕುವೈತಿನ ಕತೆ ಹಳೆಯದಾಯಿತು ಎನ್ನುವವರು ಆ ಮೇಲಿನ ಪಟ್ಟಿಯನ್ನು ನೋಡಬೇಕು. 2011ರಲ್ಲಿ ಲಿಬಿಯಾದಲ್ಲಿ ದಂಗೆಯೆದ್ದಾಗ 15 ಸಾವಿರಕ್ಕೂ ಮಿಕ್ಕಿದ ಭಾರತೀಯರನ್ನು ಹಡಗು, ವಿಮಾನಗಳಲ್ಲಿ ಕರೆತರಬೇಕಾಯಿತು. 2014ರಲ್ಲಿ ಇರಾಕಿನ ತಿಕ್ರಿತ್ ಪಟ್ಟಣದಲ್ಲಿ ಉಗ್ರರ ವಶದಲ್ಲಿದ್ದ 46 ಮಂದಿ ದಾದಿಯರು ಜುಲೈ ತಿಂಗಳಲ್ಲಿ ಕೊಚ್ಚಿಗೆ ಸುರಕ್ಷಿತವಾಗಿ ಬಂದಿಳಿದರು. ಅದೇ ವರ್ಷ ಮೊಸುಲ್ ನಗರದಲ್ಲಿ ಸೆರೆಸಿಕ್ಕ 39 ಮಂದಿ ಭಾರತೀಯ ಕಾರ್ಮಿಕರು ಹತರಾದರೆಂಬುದು ದೃಢಪಟ್ಟದ್ದು 2018ರಲ್ಲಿ. ನಾಲ್ಕು ವರ್ಷ ಅವರ ಮನೆಯವರು ದೂರವಾಣಿಯ ಕರೆಗೆ ಕಾದು ಕುಳಿತಿದ್ದರು. 2015ರಲ್ಲಿ ಯೆಮನಿನಿಂದ 4 ಸಾವಿರಕ್ಕೂ ಹೆಚ್ಚು ಭಾರತೀಯರನ್ನು ಕರೆತರಲಾಯಿತು.

2023ರ ಏಪ್ರಿಲಿನಲ್ಲಿ ಸುಡಾನಿನ ಎರಡು ಸೇನಾಪಡೆಗಳು ಪರಸ್ಪರ ಕಾದಾಟಕ್ಕೆ ಇಳಿದಾಗ ಅಲ್ಲಿ ಸಿಲುಕಿದವರಲ್ಲಿ ಕರ್ನಾಟಕದ ಹಕ್ಕಿಪಿಕ್ಕಿ ಜನಾಂಗದವರಿದ್ದರು. ಗಿಡಮೂಲಿಕೆಯ ಔಷಧ, ಎಣ್ಣೆಗಳನ್ನು ಮಾರಲು ಹೋದ ಅವರಿಗೆ ಧಣಿಯೆಂಬವನೇ ಇರಲಿಲ್ಲ. ಧಣಿಯಿದ್ದವನಿಗೆ ಕೇಳಲು ಒಂದು ಬಾಗಿಲಾದರೂ ಉಂಟು. ಇವರಿಗೆ ಅದೂ ಇಲ್ಲ. ‘ಕಾವೇರಿ’ ಎಂದು ಹೆಸರಿಟ್ಟ ಕಾರ್ಯಾಚರಣೆಯಲ್ಲಿ ಕೆಂಪು ಸಮುದ್ರವನ್ನು ದಾಟಿ ಜಿದ್ದಾದ ಮೂಲಕ ಅವರು ಮರಳಿದರು.

ಅದೇ 2023ರ ಅಕ್ಟೋಬರ್ 7ರ ಬಳಿಕ ಇಸ್ರೇಲಿನಲ್ಲಿ ಧಣಿಗಳ ಪಾಡು ಬೇರೊಂದು ರೀತಿಯಲ್ಲಿ ಕಂಡುಬಂತು. ಕಟ್ಟಡ ಕೆಲಸಕ್ಕೆ ಬರುತ್ತಿದ್ದ ಪ್ಯಾಲೆಸ್ತೀನಿ ಕಾರ್ಮಿಕರ ಪರವಾನಗಿಗಳು ನಿಂತುಹೋದ್ದರಿಂದ ಅರ್ಧ ಕಟ್ಟಿದ ಮನೆಗಳು ಹಾಗೆಯೇ ನಿಂತವು. ಗುತ್ತಿಗೆದಾರರು ಕೈಗಳಿಗಾಗಿ ಭಾರತದತ್ತ ನೋಡಿದರು. 2024ರಲ್ಲಿ ಹರಿಯಾಣ, ಉತ್ತರ ಪ್ರದೇಶಗಳಲ್ಲಿ ಆಯ್ಕೆಗಳು ನಡೆದವು. ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳಿಂದ ಹೋಗಿ ಅಲ್ಲಿ ವೃದ್ಧರ ಶುಶ್ರೂಷೆ ಮಾಡುತ್ತಿದ್ದವರಲ್ಲಿ ಬಹಳ ಮಂದಿ ತಮ್ಮ ಆರೈಕೆಯಲ್ಲಿದ್ದ ಮುದುಕರನ್ನು ಬಿಟ್ಟು ಬರಲಿಲ್ಲ. ಆದರೆ 2024ರ ಮಾರ್ಚ್ ತಿಂಗಳಲ್ಲಿ ಉತ್ತರ ಗಡಿಯ ತೋಟವೊಂದಕ್ಕೆ ಬಿದ್ದ ಕ್ಷಿಪಣಿಯಿಂದ ಕೇರಳದ ತರುಣನೊಬ್ಬ ಮಡಿದದ್ದನ್ನೂ ನೆನಪಿನಲ್ಲಿಡಬೇಕು. ಯುದ್ಧ ನಡೆಯುವಲ್ಲಿ ಕೆಲಸ ಸುಲಭವಾಗಿ ಸಿಗುತ್ತದೆಯೆಂದರೆ, ಬೇರೆಯವರು ಅದನ್ನು ಬಿಟ್ಟುಹೋಗಿದ್ದಾರೆ ಎಂದೇ ಅರ್ಥ.

ಗುಂಡು ಹಾರದೆಯೂ ಸಂಬಳ ನಿಲ್ಲುವುದುಂಟು. 2014ರಲ್ಲಿ ಎಣ್ಣೆಯ ಬೆಲೆ ಕುಸಿಯತೊಡಗಿತು. ಸೌದಿ ಸರಕಾರ ಗುತ್ತಿಗೆದಾರರಿಗೆ ಕೊಡಬೇಕಾದ ಹಣ ತಡವಾಯಿತು. ಗುತ್ತಿಗೆದಾರರು ಕೆಲಸಗಾರರಿಗೆ ಕೊಡಬೇಕಾದ ಸಂಬಳ ನಿಂತಿತು. 2016ರಲ್ಲಿ ಸಾವಿರಾರು ಭಾರತೀಯರು ಅಲ್ಲಿನ ಶಿಬಿರಗಳಲ್ಲಿ ಊಟಕ್ಕೂ ಪರದಾಡಿದರು. ಸರಕಾರದ ಬೊಕ್ಕಸ, ಧಣಿಯ ಪೆಟ್ಟಿಗೆ, ಕೆಲಸಗಾರನ ಕಿಸೆ, ನಮ್ಮ ಹಳ್ಳಿಯ ಅಡುಗೆಮನೆ ಇವು ನಾಲ್ಕೂ ಒಂದೇ ಹಗ್ಗಕ್ಕೆ ಕಟ್ಟಿದವು. ಹಗ್ಗದ ಆ ತುದಿಯನ್ನು ಯಾರು ಎಳೆಯುತ್ತಿದ್ದಾರೆ ಎಂಬುದು ಈ ತುದಿಯಲ್ಲಿರುವವರಿಗೆ ಕಾಣಿಸುವುದಿಲ್ಲ.

ಮನೆಯವರು ಮಾಡತಕ್ಕದ್ದು

ಹಾಗಾದರೆ ಹೋಗಬಾರದೆ? ಹಾಗೆಂದು ಹೇಳುವ ಹಕ್ಕು ನನಗಿಲ್ಲ. ಊರಿನಲ್ಲಿ ಕೆಲಸವಿದ್ದಿದ್ದರೆ ಯಾರೂ ಹೋಗುತ್ತಿರಲಿಲ್ಲ. ಆದರೆ ಹೋಗುವವರೂ ಅವರ ಮನೆಯವರೂ ಕೆಲವು ಮಾತುಗಳನ್ನು ಗಮನದಲ್ಲಿ ಇಟ್ಟುಕೊಳ್ಳಬೇಕೆಂದು ವಿನಂತಿಸುತ್ತೇನೆ.

ಮೊದಲನೆಯದಾಗಿ, ಕಾಗದ. ಪಾಸ್‌ಪೋರ್ಟ್, ವೀಸಾ, ಕರಾರು ಪತ್ರ, ಅಲ್ಲಿನ ಗುರುತಿನ ಚೀಟಿ ಇವುಗಳ ನಕಲುಗಳು ಮನೆಯಲ್ಲಿ ಇರಲೇಬೇಕು. ಈಗ ಕೈಯಲ್ಲಿರುವ ಮೊಬೈಲಿನಲ್ಲಿಯೇ ಚಿತ್ರ ತೆಗೆದು ಕ್ಷಣಾರ್ಧದಲ್ಲಿ ಕಳುಹಿಸಬಹುದು. ಆದರೆ ಮೊಬೈಲು ಕೆಟ್ಟರೆ ಚಿತ್ರವೂ ಹೋಯಿತು. ಆದುದರಿಂದ ಅಚ್ಚು ತೆಗೆಸಿ ಜಮೀನಿನ ಪತ್ರಗಳ ಜೊತೆಗೆ ಇರಿಸಿರಿ. ಸಂಬಳ ಕೈಗೆ ಬರುವುದಕ್ಕಿಂತ ಬ್ಯಾಂಕಿನ ಮೂಲಕ ಬರುವುದು ಮೇಲು. ಬ್ಯಾಂಕಿನ ಲೆಕ್ಕವೇ ಒಂದು ಸಾಕ್ಷಿ. ಸಣ್ಣ ಅಂಗಡಿ ನಡೆಸುವವರು ಪಾಲುದಾರಿಕೆಯ ಒಪ್ಪಂದವನ್ನು ಬರೆವಣಿಗೆಯಲ್ಲಿ ಮಾಡಿಕೊಂಡು ಅದರ ಪ್ರತಿಯನ್ನು ಊರಿಗೆ ಕಳುಹಿಸತಕ್ಕದ್ದು.

ಎರಡನೆಯದಾಗಿ, ವಿಮೆ ಮತ್ತು ನೋಂದಣಿ. 1983ರ ವಲಸೆ ಕಾಯಿದೆ ತಂದ ವ್ಯವಸ್ಥೆಯಲ್ಲಿ, ಹತ್ತನೆಯ ತರಗತಿ ತೇರ್ಗಡೆಯಾಗದವರು ಕೊಲ್ಲಿ ರಾಷ್ಟ್ರಗಳೂ ಸೇರಿದಂತೆ 18 ದೇಶಗಳಿಗೆ ಕೆಲಸಕ್ಕೆ ಹೋಗುವಾಗ ಸರಕಾರದ ಅನುಮತಿ ಪಡೆಯಬೇಕಾಗಿತ್ತು. ಅಂತಹವರಿಗೆ 2003ರಲ್ಲಿ ‘ಪ್ರವಾಸಿ ಭಾರತೀಯ ಬಿಮಾ ಯೋಜನೆ’ ಬಂತು. 2017ರ ಪರಿಷ್ಕರಣೆಯಂತೆ ಎರಡು ವರ್ಷಕ್ಕೆ 275 ರೂಪಾಯಿ, ಮೂರು ವರ್ಷಕ್ಕೆ 375 ರೂಪಾಯಿ ಕಟ್ಟಿದರೆ ಅಪಘಾತದ ಮರಣ ಅಥವಾ ಅಂಗವೈಕಲ್ಯಕ್ಕೆ 10 ಲಕ್ಷ ರೂಪಾಯಿಯ ವಿಮೆ. ಸಂದರ್ಶಕರ ವೀಸಾದಲ್ಲಿ ಹೋಗಿ ಅಲ್ಲಿ ಕೆಲಸ ಹುಡುಕುವವರು ಈ ಎಲ್ಲ ರಕ್ಷಣೆಯ ಹೊರಗೆ ಉಳಿಯುತ್ತಾರೆ. ಯಾವ ದೇಶಕ್ಕೆ ಹೋದರೂ ಅಲ್ಲಿನ ಭಾರತೀಯ ರಾಯಭಾರ ಕಚೇರಿಯಲ್ಲಿ ಹೆಸರು ನೋಂದಾಯಿಸುವುದನ್ನು ಮರೆಯಬಾರದು. ಪಟ್ಟಿಯಲ್ಲಿ ಹೆಸರಿಲ್ಲದವನನ್ನು ಹುಡುಕುವುದಾದರೂ ಎಲ್ಲಿ?

ಮೂರನೆಯದು ನಮ್ಮ ನೆಲಕ್ಕೆ ಸಂಬಂಧಿಸಿದ್ದು. ಕೇರಳ ಸರಕಾರ 1996ರಲ್ಲಿ ಅನಿವಾಸಿಗಳಿಗಾಗಿ ‘ನೋರ್ಕಾ’ ಎಂಬ ಇಲಾಖೆಯನ್ನು ತೆರೆಯಿತು. 2008ರ ಕಾಯಿದೆಯ ಮೂಲಕ ಪ್ರವಾಸಿ ಕಲ್ಯಾಣ ಮಂಡಳಿಯೂ ಬಂದು, ವಂತಿಗೆ ಕಟ್ಟಿದವರಿಗೆ ವೃದ್ಧಾಪ್ಯದ ಪಿಂಚಣಿಯ ಏರ್ಪಾಡಾಯಿತು. ಕಾಸರಗೋಡಿನ ಕನ್ನಡಿಗರಿಗೂ ಇದರಲ್ಲಿ ಸಮಾನ ಹಕ್ಕುಂಟು. ಆದರೆ ಅರ್ಜಿ, ಸುತ್ತೋಲೆಗಳು ಮಲಯಾಳದಲ್ಲಿ ಬಂದಾಗ, ಓದಲು ತಿಳಿಯದೆ ಕೈಬಿಟ್ಟ ಕನ್ನಡದ ಮನೆಗಳನ್ನು ನಾನು ಬಲ್ಲೆ. ಭಾಷೆ ಬಾರದೆಂಬ ಕಾರಣಕ್ಕೆ ಹಕ್ಕು ತಪ್ಪಿಹೋಗಬಾರದು. ಊರಿನ ಅಧ್ಯಾಪಕರು, ವಾಚನಾಲಯದ ತರುಣರು ತಿಂಗಳಿಗೊಂದು ಆದಿತ್ಯವಾರ ಕುಳಿತು ಅರ್ಜಿ ತುಂಬಿಕೊಟ್ಟರೆ ಅದು ದೊಡ್ಡ ಸೇವೆ. ಕನ್ನಡದಲ್ಲಿ ಅರ್ಜಿ ಬೇಕೆಂದು ಕೇಳುವುದೂ ನಮ್ಮ ಕರ್ತವ್ಯವೇ.

ನಾಲ್ಕನೆಯದಾಗಿ, ಹಣ. ಬಂದದ್ದೆಲ್ಲವನ್ನೂ ಮನೆಯ ಗೋಡೆಗೆ ಮೆತ್ತಬಾರದು. ಕನಿಷ್ಠ ಆರು ತಿಂಗಳ ಖರ್ಚು ಊರಿನ ಬ್ಯಾಂಕಿನಲ್ಲಿ, ಮಡದಿಯ ಅಥವಾ ತಾಯಿಯ ಹೆಸರಿನಲ್ಲಿ, ಅವರೇ ತೆಗೆಯಬಹುದಾದ ರೀತಿಯಲ್ಲಿ ಇರಲಿ. 1990ರಲ್ಲಿ ಬರಿಗೈಯಲ್ಲಿ ಬಂದವರಲ್ಲಿ ಬೇಗ ಚೇತರಿಸಿಕೊಂಡವರು ಊರಿನಲ್ಲಿ ನಾಲ್ಕು ಅಡಿಕೆ ಮರವನ್ನೋ ಸ್ವಲ್ಪ ಗದ್ದೆಯನ್ನೋ ಬಿಡದೆ ಉಳಿಸಿಕೊಂಡಿದ್ದವರು.

ಕೊನೆಯದಾಗಿ, ಮಕ್ಕಳ ಓದು. ಹತ್ತನೆಯ ತರಗತಿಯನ್ನು ಮುಗಿಸಿ, ಕೈಗೊಂದು ಕಸುಬನ್ನು ಕಲಿತು ಹೋದವನು ಒಂದು ದೇಶದಲ್ಲಿ ಕೆಲಸ ನಿಂತರೆ ಇನ್ನೊಂದರಲ್ಲಿ ಹುಡುಕಿಯಾನು. ಕರಾರು ಪತ್ರವನ್ನು ತಾನೇ ಓದಿ ರುಜು ಹಾಕಿಯಾನು. ವಿದೇಶಕ್ಕೆ ಹೋಗುವುದೆಂದು ಒಂಬತ್ತನೆಯ ತರಗತಿಯಲ್ಲಿ ಶಾಲೆ ಬಿಡಿಸುವ ತಂದೆತಾಯಂದಿರು ಇದನ್ನು ಆಲೋಚಿಸಬೇಕು.

ಯುದ್ಧವನ್ನು ತಡೆಯುವ ಶಕ್ತಿ ನಮಗಿಲ್ಲ. ಬಾಗ್ದಾದಿನಲ್ಲೋ ವಾಷಿಂಗ್ಟನಿನಲ್ಲೋ ತೀರ್ಮಾನಿಸುವವರು ನಮ್ಮನ್ನು ಕೇಳುವುದೂ ಇಲ್ಲ. ಆದರೆ ಮನೆಯಲ್ಲಿ ಕುಳಿತು ನಮ್ಮವನು ಯಾವ ಊರಿನಲ್ಲಿ, ಯಾರ ಬಳಿ, ಯಾವ ಕರಾರಿನ ಮೇಲೆ ದುಡಿಯುತ್ತಿದ್ದಾನೆ ಎಂದು ತಿಳಿದುಕೊಳ್ಳಲು ಯಾರ ಅಪ್ಪಣೆಯೂ ಬೇಡ. ಈ ತಿಂಗಳ ಸಂಚಿಕೆ ನಿಮ್ಮ ಕೈಸೇರಿದ ವಾರದಲ್ಲಿಯೇ ಸಮುದ್ರದಾಚೆಯ ನಿಮ್ಮವರೊಡನೆ ಮಾತಾಡುವಾಗ, ಕುಶಲ ವಿಚಾರಿಸಿದ ಬಳಿಕ, ಈ ಮೂರು ಪ್ರಶ್ನೆಗಳನ್ನು ಕೇಳಿರಿ. ಉತ್ತರವನ್ನು ಒಂದು ಪುಸ್ತಕದಲ್ಲಿ ಬರೆದಿಡಿರಿ.